‘ಅಂತರ್ವ್ಯಾಪನ ಶೇಷಿ’ ಎಂದರೆ ವಿಷ ಉಳಿಯುತ್ತದೆ ಎಂದೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಕೃಷಿ ಭವನದಿಂದ ಬರುವ ಮಲಯಾಳ ಕರಪತ್ರಗಳನ್ನು ನಮ್ಮ ಕೃಷಿಕರ ಗುಂಪಿಗೆ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೊಳೆರೋಗದ ಒಂದು ಮದ್ದನ್ನು ‘ಅಂತರ್ವ್ಯಾಪನ ಶೇಷಿಯುಳ್ಳ ಕುಮಿಳ್‌ನಾಶಿನಿ’ (ಶಿಲೀಂಧ್ರನಾಶಕ) ಎಂದು ಬಣ್ಣಿಸಿದ್ದರು. ಒಳಗೆ ಸೇರಿ ಶೇಷ ಉಳಿಯುವ ವಿಷ ಎಂದು ಗುಂಪಿನ ಕೆಲವರ ವಾದ. ಪುತ್ತೂರಿನಿಂದ ತಂದ ಅದೇ ಮದ್ದಿನ ಪೊಟ್ಟಣದೊಳಗೆ ಮಡಚಿಟ್ಟ ಕಾಗದದಲ್ಲಿ ಒಂದೊಂದು ಭಾಷೆಯಲ್ಲಿ ಒಂದೊಂದು ಪದವಿದೆ, ಇಂಗ್ಲಿಷಿನಲ್ಲಿ ‘ಸಿಸ್ಟಮಿಕ್’. ಇದೇ ಪದ ನಮ್ಮ ತಂದೆಯವರ ಡಿಸ್ಚಾರ್ಜ್ ಕಾಗದದಲ್ಲೂ ಇದೆ: ‘ಸಿಸ್ಟಮಿಕ್ ಹೈಪರ್‌ಟೆನ್ಷನ್’. ಬಿಪಿ ಮೈಯೆಲ್ಲ ಹರಡಿದೆ ಎಂದು ಮನೆಯವರು ಹೆದರಿದ್ದಾರೆ. ಪತ್ರಿಕೆಗಳಲ್ಲಿ ಬರುವ ‘ವ್ಯವಸ್ಥಿತ ವೈಫಲ್ಯ’ವೂ ಇದೇ ಪದದ ಅನುವಾದವಂತೆ. ಈ ಮೂರೂ ಒಂದೇ ಪದವೇ? ಕನ್ನಡದಲ್ಲಿ ಏನೆಂದು ಬರೆಯಬೇಕು?

ಉತ್ತರ: ಮೊದಲು ಹೆದರಿಕೆಯನ್ನು ಇಳಿಸೋಣ. ತಂದೆಯವರ ಬಿಪಿ ಎಲ್ಲಿಗೂ ಹರಡಿಲ್ಲ. ಕರಪತ್ರದಲ್ಲಿ ಶೇಷದ ಮಾತೂ ಇಲ್ಲ. ಇವೆರಡನ್ನೂ ಮುಂದೆ ಬಿಡಿಸಿ ಹೇಳುತ್ತೇನೆ.

‘ಶೇಷಿ’ ನಮ್ಮ ‘ಶೇಷ’ದಂತೆಯೇ ಕಾಣುತ್ತದೆ, ಆದರೆ ಮಲಯಾಳದಲ್ಲಿ ಅದು ಸಾಮರ್ಥ್ಯ. ಕೋವಿಡ್ ಕಾಲದಲ್ಲಿ ‘ರೋಗಪ್ರತಿರೋಧ ಶೇಷಿ’ ಎಂಬ ಮಾತನ್ನು ಕಾಸರಗೋಡಿನಲ್ಲಿ ಕೇಳದವರಿಲ್ಲ. ರೋಗವನ್ನು ತಡೆಯುವ ಶಕ್ತಿ ಎಂದು ಯಾರೂ ಹೇಳಿಕೊಡದೆ ಅರ್ಥವಾಗಿತ್ತು. ಸರಕಾರಿ ಫಾರಂಗಳಲ್ಲಿ, ಬಸ್ಸಿನ ಮೀಸಲು ಸೀಟಿನ ಮೇಲೆ ಕಾಣುವ ‘ಭಿನ್ನಶೇಷಿ’ಯಲ್ಲಿ ಇರುವುದೂ ಇದೇ ಶೇಷಿ. ಹಾಗಾಗಿ ‘ಅಂತರ್ವ್ಯಾಪನ ಶೇಷಿಯುಳ್ಳ’ ಎಂದರೆ ಒಳಗೆ ವ್ಯಾಪಿಸಬಲ್ಲ ಎಂದಷ್ಟೇ. ಮದ್ದಿನ ಅಂಶ ಬೆಳೆಯಲ್ಲಿ ಉಳಿಯುವುದನ್ನು ಹೇಳಬೇಕಾದರೆ ಮಲಯಾಳದವರು ‘ಅವಶಿಷ್ಟಂ’ ಎನ್ನುತ್ತಾರೆ. ಕರಪತ್ರದಲ್ಲಿ ಆ ಪದವಿದ್ದರೆ ಆಗ ಗಾಬರಿಯಾಗಿ, ಇಲ್ಲದಿದ್ದರೆ ಬೇಡ.

ಗಡಿನಾಡಿನ ಅನುವಾದಕರಿಗೆ ತೊಡಕಾಗುವುದು ಅಪರಿಚಿತ ಪದಗಳಲ್ಲ. ಅಂಥವು ಎದುರಾದರೆ ನಿಘಂಟು ತೆರೆಯುತ್ತೇವೆ. ನೆಂಟರ ಮುಖ ಹೊತ್ತು ಬರುವ ಸಂಸ್ಕೃತ ಪದಗಳಿಗೆ ಯಾರೂ ನಿಘಂಟು ತೆರೆಯುವುದಿಲ್ಲ, ಮೋಸ ಹೋಗುವುದು ಅಲ್ಲಿಯೇ. ‘ವ್ಯವಸ್ಥೆ’ ಎಂಬುದೂ ಆ ಜಾತಿಯದೇ. ಕನ್ನಡದವರಿಗೆ ಊಟದ ವ್ಯವಸ್ಥೆ, ವಸತಿಯ ವ್ಯವಸ್ಥೆ, ಅಂದರೆ ಏರ್ಪಾಡು. ಮಲಯಾಳದ ‘ವ್ಯವಸ್ಥ’ ಏರ್ಪಾಡಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕರಾರುಪತ್ರದಲ್ಲಿ. ಅಲ್ಲಿ ಅದರ ಅರ್ಥ ಷರತ್ತು, ನಿಬಂಧನೆ. ಈ ಪದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಮೂಲ ಪದ. ಇಂಗ್ಲಿಷಿನಲ್ಲಿ ‘ಸಿಸ್ಟಮ್’ನಿಂದ ಹುಟ್ಟಿದ ಎರಡು ವಿಶೇಷಣಗಳಿವೆ. ‘ಸಿಸ್ಟಮ್ಯಾಟಿಕ್’ ಹಳೆಯದು, 17ನೇ ಶತಮಾನದ್ದು. ಕ್ರಮಬದ್ಧ, ಕಟ್ಟುನಿಟ್ಟಾಗಿ ಯೋಜಿಸಿದ ಎಂಬ ಅರ್ಥ. ‘ಸಿಸ್ಟಮಿಕ್’ 19ನೇ ಶತಮಾನದ ಆರಂಭದ್ದು, ಹುಟ್ಟಿದ್ದು ಶರೀರವಿಜ್ಞಾನದಲ್ಲಿ. ದೇಹದ ಒಂದು ಅಂಗಕ್ಕೆ ಸೇರಿದ್ದನ್ನು ಇಡೀ ದೇಹಕ್ಕೆ ಸೇರಿದ್ದರಿಂದ ಬೇರೆಯಾಗಿ ತೋರಿಸಲು ವೈದ್ಯರಿಗೆ ಒಂದು ಪದ ಬೇಕಿತ್ತು, ಹಳೆಯ ಪದಕ್ಕೆ ಆಗಲೇ ಬೇರೆ ಕೆಲಸವಿತ್ತು, ಹಾಗಾಗಿ ವ್ಯಾಕರಣಕ್ಕೆ ಸ್ವಲ್ಪ ಅಡ್ಡವಾಗಿಯೇ ಹೊಸತೊಂದನ್ನು ಮಾಡಿಕೊಂಡರು. ಬೆಳೆಗಳ ಮದ್ದಿಗೆ, ಬ್ಯಾಂಕಿಗೆ, ಸಮಾಜಶಾಸ್ತ್ರಕ್ಕೆ ಅದು ಹೋದದ್ದು ಆಮೇಲೆ. ಎಲ್ಲಿಗೆ ಹೋದರೂ ಅದು ಒಂದು ಪ್ರಶ್ನೆಯನ್ನು ಹಿಂದೆ ಬಿಟ್ಟುಬಿಡುತ್ತದೆ: ಯಾವುದರ ವ್ಯವಸ್ಥೆ? ಗಿಡದ್ದೇ, ರಕ್ತನಾಳಗಳದ್ದೇ, ಸರಕಾರದ್ದೇ? ಇಂಗ್ಲಿಷ್ ಓದುಗನಿಗೆ ಸಂದರ್ಭವೇ ಉತ್ತರ ಕೊಡುತ್ತದೆ. ಅನುವಾದಕನು ಮಾತ್ರ ಉತ್ತರವನ್ನು ತಾನೇ ಬರೆಯಬೇಕು. ಮೂರು ಕಡೆಗೂ ಹೊಂದುವ ಒಂದೇ ಕನ್ನಡ ಪದ ಬೇಕೆಂದು ನೀವು ಹುಡುಕುತ್ತಿದ್ದರೆ ಆ ಹುಡುಕಾಟವನ್ನು ಇಲ್ಲಿಗೇ ಬಿಡಿ.

ತೋಟದಿಂದ ಶುರುಮಾಡುತ್ತೇನೆ, ವಿಷಯ ಹೆಚ್ಚಿರುವುದು ಅಲ್ಲಿ.

ನಾವು ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಸಿಸ್ಟಮಿಕ್ ಅಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಲಯಾಳದ ಕರಪತ್ರದಲ್ಲಿ ‘ತುರಿಶ್’ ಎಂದಿದ್ದರೆ ಅದು ಮೈಲುತುತ್ತು, ‘ಮಹಾಳಿ’ ಎಂದಿದ್ದರೆ ಕೊಳೆರೋಗ. ಈ ದ್ರಾವಣ ಕಾಯಿಯ ಮೇಲೆ, ತೊಟ್ಟಿನ ಮೇಲೆ ಪದರವಾಗಿ ಕೂರುತ್ತದೆ. ರೋಗಾಣುವಿನ ಬೀಜಕ ಬಂದು ಅಲ್ಲಿ ಮೊಳೆಯಲು ಹೊರಟರೆ ತಾಮ್ರ ಅದನ್ನು ಕೊಲ್ಲುತ್ತದೆ. ಕಾಯಿಯ ಒಳಗೆ ಆಗಲೇ ಹೊಕ್ಕ ರೋಗವನ್ನು ಅದು ಏನೂ ಮಾಡಲಾರದು. ಅದಕ್ಕೇ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ನಲವತ್ತು-ನಲವತ್ತೈದು ದಿನಗಳ ಬಳಿಕ ಇನ್ನೊಂದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಬಳಿಯುತ್ತಿದ್ದ ನೀಲಿ ದ್ರಾವಣವನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ರೋಗದ ಮದ್ದಾಗಿ ಪ್ರಕಟಿಸಿದ. ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಅದನ್ನು ತಂದದ್ದು 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಇಂಥ ಮದ್ದಿಗೆ ಕನ್ನಡದ ಕೃಷಿ ಬರಹದಲ್ಲಿ ‘ಸ್ಪರ್ಶ’ ಎಂಬ ವಿಶೇಷಣವಿದೆ. ತಮಿಳಿನವರು ಕೀಟನಾಶಕದ ವಿಚಾರದಲ್ಲಿ ‘ತೊಡು ನಂಜು’ ಎನ್ನುತ್ತಾರೆ, ಮುಟ್ಟಿದರೆ ಏರುವ ನಂಜು. ನಂಜು ನಮಗೂ ನಂಜೇ. ನನಗೆ ‘ಸ್ಪರ್ಶ’ಕ್ಕಿಂತ ಅದೇ ಇಷ್ಟ.

ಸಿಸ್ಟಮಿಕ್ ಮದ್ದು ಗಿಡದ ಒಳಗೆ ಹೋಗಿ, ಗಿಡದ ನಾಳಗಳ ಮೂಲಕ ಸಾಗುತ್ತದೆ. 1936ರಲ್ಲಿ ಅಮೆರಿಕದ ಸಂಶೋಧಕರು ಸೆಲೆನಿಯಂ ಲವಣ ಬೆರೆತ ಮಣ್ಣಿನಲ್ಲಿ ಬೆಳೆದ ಗೋಧಿಯ ಮೇಲೆ ಗಿಡಹೇನುಗಳು ಬದುಕುವುದಿಲ್ಲ ಎಂದು ಕಂಡರು. ಗಿಡದ ರಸವೇ ವಿಷವಾಗಿತ್ತು. ಗೋಧಿ ತಿನ್ನುವ ಬಾಯಿ ಹೇನಿನದು ಮಾತ್ರವಲ್ಲವಲ್ಲ, ಹಾಗಾಗಿ ಅದು ಹೊಲಕ್ಕೆ ಬರುವ ಮದ್ದಾಗಲಿಲ್ಲ, ದಾರಿಯನ್ನಂತೂ ತೋರಿಸಿತು. ಶಿಲೀಂಧ್ರಗಳ ವಿಷಯದಲ್ಲಿ ಇಂಥ ಮದ್ದುಗಳು ಬಂದದ್ದು ತಡವಾಗಿ: 1966ರಲ್ಲಿ ಕಾರ್ಬಾಕ್ಸಿನ್, 1968ರಲ್ಲಿ ಬೆನೊಮಿಲ್, ಕೊಳೆರೋಗದ ಕುಲದ ರೋಗಾಣುಗಳಿಗೆಂದೇ 1977ರಲ್ಲಿ ಮೆಟಲಾಕ್ಸಿಲ್. ನಿಮ್ಮ ಪೊಟ್ಟಣದ ಮೇಲೆ ಮೆಟಲಾಕ್ಸಿಲ್ 8%, ಮ್ಯಾಂಕೋಜೆಬ್ 64% ಎಂದಿದೆಯೇ ನೋಡಿ. ಇದ್ದರೆ ಅದರಲ್ಲಿ ಸಿಸ್ಟಮಿಕ್ ಆಗಿರುವುದು ಎಂಟು ಭಾಗ ಮಾತ್ರ. ಮ್ಯಾಂಕೋಜೆಬ್ ಹೊರಗೇ ಕೂರುವ ಸ್ಪರ್ಶ ಮದ್ದು. ಪೊಟ್ಟಣಕ್ಕೆ ಒಂದೇ ವಿಶೇಷಣ ಅಂಟಿಸಿದರೆ ಅರ್ಧ ಸುಳ್ಳಾಗುತ್ತದೆ.

ಎರಡನ್ನು ಬೆರೆಸಿ ಮಾರುವುದಕ್ಕೆ ಕಾರಣವಿದೆ. ತಾಮ್ರ, ಮ್ಯಾಂಕೋಜೆಬ್‌ನಂಥ ಸ್ಪರ್ಶ ಮದ್ದುಗಳು ರೋಗಾಣುವಿನ ಜೀವಕೋಶವನ್ನು ಹತ್ತು ಕಡೆಯಿಂದ ಕೆಡಿಸುತ್ತವೆ, ಅಷ್ಟಕ್ಕೂ ಎದುರು ನಿಲ್ಲುವ ತಳಿ ಹುಟ್ಟುವುದು ಕಷ್ಟ; ನೂರು ವರ್ಷ ದಾಟಿದರೂ ಕೊಳೆರೋಗಕ್ಕೆ ಬೋರ್ಡೋ ಇನ್ನೂ ನಡೆಯುತ್ತಿದೆ. ಮೆಟಲಾಕ್ಸಿಲ್ ಹೊಡೆಯುವುದು ಒಂದೇ ಗುರಿಗೆ. ಮಾರುಕಟ್ಟೆಗೆ ಬಂದು ಮೂರು ವರ್ಷವಾಗುವಷ್ಟರಲ್ಲಿ, 1980ರಲ್ಲಿ, ಐರ್ಲೆಂಡ್ ಮತ್ತು ನೆದರ್ಲೆಂಡ್ಸಿನ ಆಲೂಗಡ್ಡೆ ಹೊಲಗಳಲ್ಲಿ ಅದಕ್ಕೆ ಬಗ್ಗದ ರೋಗಾಣು ತಲೆಯೆತ್ತಿತು. ಸಿಸ್ಟಮಿಕ್ ಎಂದರೆ ಹೊಸದು, ಹೊಸದೆಂದರೆ ಮೇಲು ಎಂದು ಅಂಗಡಿಯವರು ಹೇಳಿದರೆ ತಲೆಯಾಡಿಸುವ ಮೊದಲು ಇದು ನೆನಪಿರಲಿ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಗಿಡದೊಳಗೆ ಸಾಗುತ್ತದೆ ಸರಿ, ಯಾವ ಕಡೆಗೆ?

ಗಿಡದಲ್ಲಿ ಎರಡು ಬಗೆಯ ನಾಳಗಳಿವೆ. ಒಂದು, ಬೇರು ಹೀರಿದ ನೀರನ್ನು ಮೇಲಕ್ಕೊಯ್ಯುವ ಕ್ಸೈಲಂ. ಇನ್ನೊಂದು, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆಗೆ, ಬೇರಿಗೂ ಕೂಡ, ಒಯ್ಯುವ ಫ್ಲೋಯಂ. ಸಿಸ್ಟಮಿಕ್ ಎಂದು ಮಾರಾಟವಾಗುವ ಬಹುಪಾಲು ಮದ್ದುಗಳು, ಮೆಟಲಾಕ್ಸಿಲ್, ಕಾರ್ಬೆಂಡಜಿಮ್, ಇಮಿಡಾಕ್ಲೋಪ್ರಿಡ್ ಎಲ್ಲವೂ, ಮುಖ್ಯವಾಗಿ ನೀರಿನ ನಾಳವನ್ನೇ ಹಿಡಿಯುತ್ತವೆ. ನೀರು ಮೇಲಕ್ಕೆ ಹೋಗುತ್ತದೆ, ಮದ್ದೂ ಮೇಲಕ್ಕೇ ಹೋಗುತ್ತದೆ. ಬುಡಕ್ಕೆ ಹೊಯ್ದರೆ ಸೋಗೆಗೆ ಏರುತ್ತದೆ. ಸೋಗೆಗೆ ಹೊಡೆದರೆ ಬುಡಕ್ಕೆ ಇಳಿಯುವುದಿಲ್ಲ. ಅಷ್ಟೇ ಅಲ್ಲ, ನೀರು ಹೆಚ್ಚು ಆವಿಯಾಗುವ ಕಡೆಗೆ ಮದ್ದೂ ಹೆಚ್ಚು ಹೋಗುತ್ತದೆ, ಅಂದರೆ ಬಲಿತ ಎಲೆಗೆ ಹೆಚ್ಚು, ಕಾಯಿಗೆ ಕಡಿಮೆ. ಬುಡಕ್ಕೋ ಸೋಗೆಗೋ ಹಾಕಿಬಿಟ್ಟರೆ ಗೊನೆಯ ರೋಗ ತಾನಾಗಿ ಗುಣವಾಗುತ್ತದೆಂದು ನಂಬಿ ಕೂತರೆ ಗೊನೆ ಕೊಳೆಯುತ್ತದೆ. ಮದ್ದು ಗೊನೆಗೇ ಬೀಳಬೇಕು.

ಎರಡೂ ಕಡೆಗೆ ಸಾಗುವ ಮದ್ದುಗಳು ಕಡಿಮೆ. ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೆ ಬಳಸುವ ಪೊಟಾಶಿಯಂ ಫಾಸ್ಫೊನೇಟ್ ಅಂಥದ್ದು. ಎಲೆಗೆ ಸಿಂಪಡಿಸಿದರೂ ಬೇರಿನವರೆಗೆ ಇಳಿಯುತ್ತದೆ. ಕಳೆನಾಶಕ ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಹೋಗುವುದೂ ಸಕ್ಕರೆಯ ನಾಳದಲ್ಲಿಯೇ. ಇನ್ನು ಕೆಲವು ಎಲೆಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯ್ದು ಅಲ್ಲಿಗೇ ನಿಲ್ಲುತ್ತವೆ. ಅವನ್ನೂ ಸಿಸ್ಟಮಿಕ್ ಎಂದೇ ಮಾರುವವರಿದ್ದಾರೆ.

ತೆಂಗಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 1998ರ ಬಳಿಕ ಕೇರಳದ ತೆಂಗಿಗೆ ನುಸಿ ಹತ್ತಿದಾಗ (ಮಲಯಾಳದವರ ‘ಮಂಡರಿ’) ಬೇರಿಗೆ ಮದ್ದು ಉಣಿಸುವ ಕ್ರಮ ಮನೆಮನೆಗೂ ಗೊತ್ತಾಯಿತು. ಪೆನ್ಸಿಲ್ ಗಾತ್ರದ ಎಳೆಯ ಬೇರನ್ನು ಹುಡುಕಿ, ಓರೆಯಾಗಿ ಕತ್ತರಿಸಿ, ಬೇವಿನ ಮದ್ದು ಮತ್ತು ಅಷ್ಟೇ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅದ್ದಿ ಕಟ್ಟುವುದು. ಬೆಳಗಾಗುವಷ್ಟರಲ್ಲಿ ಚೀಲ ಬರಿದಾಗಿದ್ದರೆ ಮರ ಕುಡಿದಿದೆ ಎಂದು ಲೆಕ್ಕ. ಸಿಸ್ಟಮಿಕ್ ಎಂಬ ವಿಶೇಷಣದ ಅರ್ಥ ಆ ಬರಿದಾದ ಚೀಲದಲ್ಲಿ ಇದ್ದಷ್ಟು ಸ್ಪಷ್ಟವಾಗಿ ಯಾವ ನಿಘಂಟಿನಲ್ಲೂ ಇಲ್ಲ.

ಇನ್ನು ನಿಮ್ಮ ಮಡಚಿದ ಕಾಗದಕ್ಕೆ ಬರೋಣ. ಒಂದೇ ಗುಣವನ್ನು ಒಂದೊಂದು ಭಾಷೆ ಒಂದೊಂದು ಬದಿಯಿಂದ ಹಿಡಿದಿದೆ. ಕನ್ನಡದ ‘ಅಂತರ್ವ್ಯಾಪಿ’, ಮಲಯಾಳದ ‘ಅಂತರ್ವ್ಯಾಪನ’ ಎರಡೂ ವ್ಯಾಪಿಸುವುದನ್ನು ಹೇಳುತ್ತವೆ. ವ್ಯಾಪಿಸುವುದೆಂದರೆ ಎಲ್ಲೆಡೆ ತುಂಬಿಕೊಳ್ಳುವುದು. ದೇವರನ್ನು ಸರ್ವವ್ಯಾಪಿ ಎನ್ನುವ ಕಿವಿಗೆ ಅಂತರ್ವ್ಯಾಪಿಯೂ ಅಡಿಯಿಂದ ಮುಡಿಯವರೆಗೆ ತುಂಬಿದ್ದೆಂದೇ ಕೇಳಿಸುತ್ತದೆ. ಈಗಷ್ಟೇ ನೋಡಿದಂತೆ ಬಹುಪಾಲು ಮದ್ದುಗಳು ಹಾಗಲ್ಲ. ಈ ಪದ ಮದ್ದಿಗೆ ಅದರ ಯೋಗ್ಯತೆಗಿಂತ ದೊಡ್ಡ ಬಿರುದು ಕೊಟ್ಟಿದೆ. ಮರಾಠಿಯ ‘ಆಂತರಪ್ರವಾಹಿ’ ಹರಿವನ್ನು ಹೇಳುತ್ತದೆ, ಹೆಚ್ಚು ನಿಜ. ತೆಲುಗಿನ ‘ಅಂತರ್ವಾಹಿಕ’ವೂ ಹಾಗೆಯೇ, ಆದರೆ ಅದನ್ನು ಎರವಲು ತರುವಂತಿಲ್ಲ: ನಮಗೂ ಮಲಯಾಳದವರಿಗೂ ಅಂತರ್ವಾಹಿನಿ ಎಂದರೆ ನೌಕಾದಳದ ಸಬ್‌ಮರೀನ್. ಹಿಂದಿಯಲ್ಲಿ ‘ದೈಹಿಕ’, ‘ಸರ್ವಾಂಗಿ’ ಎಂಬ ರೂಪಗಳಿವೆ. ಗಿಡಕ್ಕೆ ದೇಹ ಎಂದದ್ದು ನನಗೆ ಹಿಡಿಸಿತು, ಆದರೆ ಕನ್ನಡಕ್ಕೆ ಬಂದರೆ ಒಂದು ದೈಹಿಕ ಶಿಕ್ಷಣದ ಮಾಸ್ತರರನ್ನು ನೆನಪಿಸುತ್ತದೆ, ಇನ್ನೊಂದು ಸರ್ವಾಂಗೀಣ ಅಭಿವೃದ್ಧಿಯ ಭಾಷಣವನ್ನು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿರುವುದು ತಮಿಳಿನದು: ‘ಊಡುರುವಿಪ್ ಪಾಯುಂ’. ತೂರಿಕೊಂಡು ಹೋಗಿ ಹರಿಯುವ ಎಂದರ್ಥ. ಮೊದಲು ಸಿಪ್ಪೆಯನ್ನೋ ಎಲೆಯ ಮೇಣವನ್ನೋ ದಾಟಿ ಒಳಗೆ ನುಗ್ಗಬೇಕು, ಆಮೇಲೆ ನಾಳದಲ್ಲಿ ಹರಿಯಬೇಕು. ನಡೆಯುವ ಎರಡು ಕ್ರಿಯೆಗಳೂ ನಡೆಯುವ ಕ್ರಮದಲ್ಲಿಯೇ ಪದದೊಳಗಿವೆ. ಇದು ತಮಿಳಿನವರ ವಿಶೇಷ ಜಾಣತನವೇನೂ ಅಲ್ಲ, ದ್ರಾವಿಡ ಭಾಷೆಗಳ ಸಹಜ ದಾರಿ. ನಮ್ಮಲ್ಲಿ ಅಚ್ಚ ವಿಶೇಷಣಗಳು ಕಡಿಮೆ. ಇಂಗ್ಲಿಷ್ ವಿಶೇಷಣದ ಕೆಲಸವನ್ನು ನಾವು ಹರಿಯುವ, ಉರಿಯುವ, ಬಾಡಿದ, ಕೊಳೆತ ಎಂಬ ಕೃದಂತಗಳಿಂದ ಮಾಡಿಸುತ್ತೇವೆ. ತಾಂತ್ರಿಕ ಬರಹಕ್ಕೆ ಕೂತೊಡನೆ ಮಾತ್ರ, ಇಂಗ್ಲಿಷಿನ ಒಂದು ಪದಕ್ಕೆ ಸಂಸ್ಕೃತದ ಒಂದು ಪದ ಕೊಡದಿದ್ದರೆ ಪಾಂಡಿತ್ಯಕ್ಕೆ ಕುಂದೆಂದು ಭಾವಿಸಿ ಈ ದಾರಿಯನ್ನು ಬಿಡುತ್ತೇವೆ.

ಆದ್ದರಿಂದ ನಿಮ್ಮ ಕರಪತ್ರಕ್ಕೆ ನನ್ನ ಸಲಹೆ ಹೀಗೆ. ಕನ್ನಡದ ಕೃಷಿ ಪುಸ್ತಕಗಳಲ್ಲಿ ‘ಅಂತರ್ವ್ಯಾಪಿ’ ನೆಲೆಯೂರಿದೆ, ಅದನ್ನು ಕಿತ್ತೊಗೆಯಬೇಡಿ. ಲೇಬಲ್ ಓದುವಾಗ ಜನರಿಗೆ ಬೇಕಾಗುತ್ತದೆ. ಒಮ್ಮೆ ಆ ಪದವನ್ನು ಬರೆದು, ಪಕ್ಕದಲ್ಲೇ ಮದ್ದು ಹೇಗೆ ಸಾಗುತ್ತದೆ ಎಂದು ವಾಕ್ಯದಲ್ಲಿ ಹೇಳಿ. ಮೆಟಲಾಕ್ಸಿಲ್ ಇದ್ದರೆ ‘ಗಿಡದ ಒಳಗೆ ಹೊಕ್ಕು ಮೇಲಕ್ಕೆ ಹರಿಯುವ ಮದ್ದು’. ಫಾಸ್ಫೊನೇಟ್ ಆದರೆ ‘ಎಲೆಯಿಂದ ಬೇರಿಗೂ ಬೇರಿನಿಂದ ಎಲೆಗೂ ಸಾಗುವ ಮದ್ದು’. ಎಲೆ ದಾಟಿ ನಿಲ್ಲುವಂಥದ್ದಾದರೆ ‘ಬಿದ್ದ ಕಡೆ ಒಳಸೇರುವ, ಮುಂದೆ ಹರಿಯದ ಮದ್ದು’. ಅಕ್ಷರ ಹೆಚ್ಚಾಯಿತೆಂದು ಅಚ್ಚುಕೂಟದವರು ಗೊಣಗಿದರೆ ಗೊಣಗಲಿ. ಮಲಯಾಳದ ‘ಶೇಷಿಯುಳ್ಳ’ಕ್ಕೆ ಬೇರೆ ಪದವೇ ಬೇಡ, ‘ಹರಿಯುವ’ ಎಂದಾಗ ಹರಿಯುವ ಸಾಮರ್ಥ್ಯವೂ ಬಂತು.

ಗುಂಪಿನವರ ಇನ್ನೊಂದು ಭಯಕ್ಕೂ ಉತ್ತರಿಸಬೇಕು. ಒಳಗೆ ಹೋಗುವುದು ಹೆಚ್ಚು ಅಪಾಯ, ಹೊರಗೆ ಕೂರುವುದು ಕಡಿಮೆ ಅಪಾಯ ಎಂಬ ನಂಬಿಕೆ ಆ ವಾದದ ಹಿಂದೆ ಇದೆ. ಅರ್ಧ ನಿಜ. ಒಳಗೆ ಸೇರಿದ್ದನ್ನು ಮಳೆಯೂ ತೊಳೆಯದು, ನೀವೂ ತೊಳೆಯಲಾಗದು. ಅದಕ್ಕೇ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿ ಬರೆದಿರುತ್ತದೆ. ಆದರೆ ಸಿಸ್ಟಮಿಕ್ ಎಂಬುದು ದಾರಿಯನ್ನು ಹೇಳುವ ಪದ, ವಿಷದ ಪ್ರಮಾಣವನ್ನು ಹೇಳುವುದಲ್ಲ. ವಿಷದ ಮಟ್ಟ ನೋಡಬೇಕಾದರೆ ಲೇಬಲ್ಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಎಂಡೋಸಲ್ಫಾನ್ ಸಿಸ್ಟಮಿಕ್ ಕೀಟನಾಶಕ ಅಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಸ್ಪರ್ಶ ವಿಷ, ಜಠರ ವಿಷ. ಗೇರುಗಿಡದ ‘ಟೀ ಸೊಳ್ಳೆ’ ಎಂಬ ರಸ ಹೀರುವ ಕೀಟವನ್ನು ಹೊರಗಿನಿಂದ ಕೊಲ್ಲುವುದು ಅದರ ಕೆಲಸವಾಗಿತ್ತು. ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಏನಾಯಿತೆಂದು ಬದಿಯಡ್ಕದವರಿಗೆ ನಾನು ಹೇಳಬೇಕಾಗಿಲ್ಲ. ವಿಷಶಾಸ್ತ್ರದಲ್ಲಿ ಅದೇ ಸಿಸ್ಟಮಿಕ್ ಎಂಬ ಪದ ಬೇರೆ ಅರ್ಥದಲ್ಲಿ ಬರುತ್ತದೆ: ವಿಷ ತಾಗಿದ ಜಾಗದಲ್ಲಲ್ಲದೆ, ರಕ್ತಕ್ಕೆ ಸೇರಿ ದೇಹದ ಬೇರೆಡೆ ಮಾಡುವ ಪರಿಣಾಮ. ಎಂಡೋಸಲ್ಫಾನ್ ಚರ್ಮದಿಂದ, ಉಸಿರಿನಿಂದ, ಬಾಯಿಯಿಂದ ಒಳಸೇರಿ ನರಮಂಡಲಕ್ಕೆ ಹೊಡೆಯುತ್ತದೆ. ಅಂದರೆ ಗಿಡಕ್ಕೆ ಸಿಸ್ಟಮಿಕ್ ಅಲ್ಲದ ವಸ್ತು ಮನುಷ್ಯನಿಗೆ ಸಿಸ್ಟಮಿಕ್ ವಿಷ. ಎರಡು ವಾಕ್ಯಗಳೂ ಸರಿ, ಒಂದೇ ಪುಟದಲ್ಲಿ ಬರಬಹುದು, ‘ಅಂತರ್ವ್ಯಾಪಿ’ ಎಂಬ ಒಂದೇ ಪದದಿಂದ ಎರಡನ್ನೂ ಅನುವಾದಿಸಿದರೆ ಓದುಗನಿಗೆ ಹುಚ್ಚು ಹಿಡಿಯುತ್ತದೆ.

ವಿಶೇಷಣಗಳನ್ನು ಎಷ್ಟು ನಂಬಬೇಕು ಎನ್ನುವುದಕ್ಕೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎಂಡೋಸಲ್ಫಾನ್ ಇದ್ದದ್ದು ಎರಡನೆಯ ವರ್ಗದಲ್ಲಿ, ‘ಮಧ್ಯಮ ಅಪಾಯಕಾರಿ’ ಎಂಬ ಹೆಸರಿನಡಿ. ಆ ವರ್ಗೀಕರಣ ಮುಖ್ಯವಾಗಿ ಒಮ್ಮೆಗೇ ದೇಹಕ್ಕೆ ಸೇರಿದರೆ ಎಷ್ಟು ಪ್ರಮಾಣ ಕೊಲ್ಲುತ್ತದೆ ಎಂಬುದರ ಮೇಲೆ ನಿಂತದ್ದು. ಇಪ್ಪತ್ತು ವರ್ಷ ಆಕಾಶದಿಂದ ಬಿದ್ದರೆ ಏನು ಎಂಬುದನ್ನು ಅದು ಕೇಳುವುದಿಲ್ಲ. ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಆಸ್ಪತ್ರೆಯ ಕಾಗದಕ್ಕೆ ಬರುತ್ತೇನೆ, ಇದು ಬೇಗ ಮುಗಿಯುತ್ತದೆ. ಹೃದಯದ ಎಡಭಾಗ ರಕ್ತವನ್ನು ತಲೆಯಿಂದ ಕಾಲಿನವರೆಗೆ ದೂಡುತ್ತದೆ. ಆ ಸುತ್ತನ್ನು ಸಿಸ್ಟಮಿಕ್ ಪರಿಚಲನೆ ಎನ್ನುತ್ತಾರೆ. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಮಾತ್ರ ಕಳುಹಿಸುತ್ತದೆ, ಅದು ಪಲ್ಮನರಿ ಪರಿಚಲನೆ. ಮೊದಲನೆಯದರ ಒತ್ತಡ 120/80ರ ಆಸುಪಾಸು, ಎರಡನೆಯದರದ್ದು ಸುಮಾರು 25/10. ತೋಳಿಗೆ ಪಟ್ಟಿ ಕಟ್ಟಿ ನೋಡುವುದು ಮೊದಲನೆಯದನ್ನು. ಶ್ವಾಸಕೋಶದ ಸುತ್ತಿನಲ್ಲಿ ಒತ್ತಡ ಏರಿದರೆ ಅದು ಬೇರೆಯೇ ಕಾಯಿಲೆ, ಹೆಸರು ಪಲ್ಮನರಿ ಹೈಪರ್‌ಟೆನ್ಷನ್. ಅದರಿಂದ ಬೇರೆ ಎಂದು ತೋರಿಸಲು ವೈದ್ಯರು ಮಾಮೂಲಿ ಬಿಪಿಗೆ ‘ಸಿಸ್ಟಮಿಕ್’ ಸೇರಿಸುತ್ತಾರೆ. ಕೇರಳದ ಆಸ್ಪತ್ರೆಗಳಲ್ಲಿ ಈ ರೂಢಿ ಹೆಚ್ಚು, ಎಸ್‌ಎಚ್‌ಟಿ ಎಂದು ಚುಟುಕಾಗಿಯೂ ಬರೆಯುತ್ತಾರೆ. ಮಂಗಳೂರಿಗೆ ಹೋದರೆ ಅದೇ ಕಾಯಿಲೆಗೆ ಬರಿಯ ‘ಹೈಪರ್‌ಟೆನ್ಷನ್’ ಎಂದು ಬರೆದ ಕಾಗದ ಸಿಗಬಹುದು. ಒಂದು ಕಾಗದದಲ್ಲಿ ಇದ್ದ ಪದ ಇನ್ನೊಂದರಲ್ಲಿ ಇಲ್ಲವೆಂದು ರೋಗ ಇಳಿಯಿತೆಂದೂ ಲೆಕ್ಕ ಹಾಕಬೇಡಿ. ಕನ್ನಡದಲ್ಲಿ ಹೇಳುವಾಗ ‘ರಕ್ತದೊತ್ತಡ’ ಎಂದರೆ ಸಾಕು, ಇಲ್ಲಿ ವಿಶೇಷಣವನ್ನು ಅನುವಾದಿಸದಿರುವುದೇ ಸರಿಯಾದ ಅನುವಾದ.

ವೈದ್ಯಕೀಯದ ಬೇರೆ ಕಡೆಗಳಲ್ಲಿ ಹಾಗೆ ಬಿಡುವಂತಿಲ್ಲ. ಚರ್ಮದ ವೈದ್ಯರು ಮುಲಾಮು ಬೇಡ, ಸಿಸ್ಟಮಿಕ್ ಚಿಕಿತ್ಸೆ ಬೇಕು ಎಂದರೆ, ಹಚ್ಚಿದ ಕಡೆಯಷ್ಟೇ ಕೆಲಸ ಮಾಡುವುದರ ಬದಲು ರಕ್ತಕ್ಕೆ ಸೇರಿ ದೇಹವಿಡೀ ತಲುಪುವ ಮಾತ್ರೆ ಅಥವಾ ಇಂಜೆಕ್ಷನ್. ಲೂಪಸ್ ಎಂಬುದು ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ; ಸಿಸ್ಟಮಿಕ್ ಲೂಪಸ್ ಎಂದರೆ ಚರ್ಮವಲ್ಲದೆ ಕೀಲು, ಮೂತ್ರಪಿಂಡ, ರಕ್ತ ಮುಂತಾದ ಹಲವು ಅಂಗಗಳನ್ನು ಹಿಡಿಯುವ ಬಗೆ. ಚರ್ಮಕ್ಕೆ ಮಾತ್ರ ಸೀಮಿತವಾದ ಲೂಪಸ್ ಬೇರೆ ಇದೆ. ಇಲ್ಲಿ ‘ಮೈಯೆಲ್ಲ ತಲುಪುವ’, ‘ಹಲವು ಅಂಗಗಳನ್ನು ಹಿಡಿಯುವ’ ಎಂದೇ ಬರೆಯಿರಿ. ಜರ್ಮನಿಯಲ್ಲಿರುವ ನೆಂಟರು ‘ಸಿಸ್ಟೆಮಿಷೆ ಥೆರಪಿ’ಗೆ ಹೋಗುತ್ತಿದ್ದೇವೆಂದು ಬರೆದರೆ ಮಾತ್ರ ಮಾತ್ರೆ ನುಂಗುತ್ತಿದ್ದಾರೆಂದು ಭಾವಿಸಬೇಡಿ. ಆ ಭಾಷೆಯಲ್ಲಿ ಅದು ಮಾನಸಿಕ ಚಿಕಿತ್ಸೆಯ ಒಂದು ಪಂಥದ ಹೆಸರು. ವ್ಯಕ್ತಿಯ ತೊಂದರೆಯನ್ನು ಅವನ ಕುಟುಂಬ ಮತ್ತು ಸಂಬಂಧಗಳ ನಡುವೆ ಇಟ್ಟು ನೋಡುವ ಆಪ್ತಸಲಹೆ. ಅಲ್ಲಿ ಸಿಸ್ಟಮ್ ಎಂದರೆ ಮನೆಮಂದಿ.

ಉಳಿದದ್ದು ‘ವ್ಯವಸ್ಥಿತ ವೈಫಲ್ಯ’. ಇದರ ಮೇಲೆ ನನಗೆ ಹಳೆಯ ಸಿಟ್ಟಿದೆ. ಸಂಸ್ಕೃತದ ‘-ಇತ’ ಪ್ರತ್ಯಯ ಮಾಡಿ ಮುಗಿದದ್ದನ್ನು ಹೇಳುತ್ತದೆ: ಲಿಖಿತ ಎಂದರೆ ಬರೆದದ್ದು, ಯೋಜಿತ ಎಂದರೆ ಯೋಜಿಸಿದ್ದು, ವ್ಯವಸ್ಥಿತ ಎಂದರೆ ಅಚ್ಚುಕಟ್ಟಾಗಿ ಏರ್ಪಡಿಸಿದ್ದು. ಅದು ‘ಸಿಸ್ಟಮ್ಯಾಟಿಕ್’ಗೆ ಸರಿಯಾದ ಪದ. ‘ವ್ಯವಸ್ಥಿತ ಸಂಚು’ ಸರಿ, ಸಂಚನ್ನು ಕೂತು ಹೆಣೆಯುತ್ತಾರೆ. ‘ವ್ಯವಸ್ಥಿತ ವೈಫಲ್ಯ’ ಎಂದರೆ ಯಾರೋ ಯೋಜನೆ ಹಾಕಿ, ಸಮಿತಿ ಮಾಡಿ, ಶಿಸ್ತಾಗಿ ಸೋತರು ಎಂದಾಗುತ್ತದೆ. ಇಂಗ್ಲಿಷಿನ ‘ಸಿಸ್ಟಮಿಕ್ ಫೇಲ್ಯೂರ್’ ಹೇಳುವುದು ಅದರ ವಿರುದ್ಧ: ಇಂಥವನೇ ಕೆಡಿಸಿದ ಎಂದು ಬೆರಳು ತೋರಿಸಲಾಗದಂತೆ, ಇಡೀ ಏರ್ಪಾಡೇ ಸೋತಿದೆ. ಒಂದು ಕಡೆ ಉದ್ದೇಶವಿದೆ, ಇನ್ನೊಂದು ಕಡೆ ಉದ್ದೇಶವಿಲ್ಲದಿರುವುದೇ ಮುಖ್ಯ ಆರೋಪ. ತನಿಖಾ ವರದಿಯ ಅನುವಾದದಲ್ಲಿ ಇವೆರಡು ಅದಲುಬದಲಾದರೆ ಯಾರದೋ ನೌಕರಿ ಹೋಗಬಹುದು.

ಮಲಯಾಳದಿಂದ ಅನುವಾದಿಸುವ ನಿಮಗೆ ಇಲ್ಲಿ ಇನ್ನೊಂದು ಕಂದಕವಿದೆ. ಅವರ ‘ವ್ಯವಸ್ಥಾಪಿತ’ಕ್ಕೆ ಸ್ಥಾಪಿತವಾದ, ಬೇರೂರಿದ ಎಂಬ ಅರ್ಥ, ‘ವ್ಯವಸ್ಥಾಪರಮಾ‌ಯ’ ಎಂಬುದು ವ್ಯವಸ್ಥೆಗೆ ಸಂಬಂಧಿಸಿದ್ದು. ಎರಡನೆಯದು ನಮ್ಮ ಸಿಸ್ಟಮಿಕ್. ಕನ್ನಡಕ್ಕೆ ಬಂದಾಗ ಎರಡನ್ನೂ ‘ವ್ಯವಸ್ಥಿತ’ ಎಂಬ ಒಂದೇ ಚೀಲಕ್ಕೆ ತುಂಬುವುದು ಕಾಣುತ್ತದೆ. ಕೆಲವರು ‘ವ್ಯವಸ್ಥಾತ್ಮಕ’ ಎಂದು ಹೊಸತು ಕಟ್ಟುತ್ತಾರೆ. ತಪ್ಪೇನಿಲ್ಲ, ಆದರೆ ನಮಗೆ ಷಷ್ಠೀ ವಿಭಕ್ತಿ ಇರುವಾಗ ಆ ಕಷ್ಟವೇಕೆ? ‘ವ್ಯವಸ್ಥೆಯ ವೈಫಲ್ಯ’ ಎಂದರೆ ಮುಗಿಯಿತು. ‘ವ್ಯವಸ್ಥೆಯೊಳಗೇ ಇರುವ ಅನ್ಯಾಯ’, ‘ವ್ಯವಸ್ಥೆಗೇ ಅಂಟಿದ ದೋಷ’ ಎಂದೂ ಬರೆಯಬಹುದು. ಆ ‘ಏ’ಕಾರ ಮಾಡುವ ಕೆಲಸವನ್ನು ಯಾವ ‘-ಆತ್ಮಕ’ವೂ ಮಾಡದು. ಅಂದಹಾಗೆ ಗ್ರೀಕಿನ ‘ಸಿಸ್ಟೇಮಾ’ದಲ್ಲಿ ಇರುವ ನಿಲ್ಲುವ ಧಾತುವೂ ‘ವ್ಯವಸ್ಥಾ’ದ ಸ್ಥಾ ಧಾತುವೂ ಒಂದೇ ಮೂಲದವು, ಹಾಗಾಗಿ ನಾಮಪದದ ಮಟ್ಟಿಗೆ ಈ ಅನುವಾದ ಮಾಡಿದವರು ಗುರಿ ತಪ್ಪಿರಲಿಲ್ಲ. ಕೆಟ್ಟದ್ದು ಬಾಲದಲ್ಲಿ.

ಬ್ಯಾಂಕಿನ ಸುದ್ದಿಗೂ ಇದೇ ಕ್ರಮ ಸಾಕು. ಸ್ಟೇಟ್ ಬ್ಯಾಂಕ್, ಐಸಿಐಸಿಐ, ಎಚ್‌ಡಿಎಫ್‌ಸಿ ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕು ‘ಸಿಸ್ಟಮಿಕಲಿ ಇಂಪಾರ್ಟೆಂಟ್’ ಎಂದು ಗುರುತಿಸಿದೆ, ಅವು ಬಿದ್ದರೆ ಜೊತೆಗೆ ಇಡೀ ಹಣಕಾಸು ವ್ಯವಸ್ಥೆಯೂ ಬೀಳುವಷ್ಟು ದೊಡ್ಡವು ಎಂದು. ಅದನ್ನು ‘ವ್ಯವಸ್ಥಿತವಾಗಿ ಮುಖ್ಯವಾದ ಬ್ಯಾಂಕುಗಳು’ ಎಂದು ಯಾರಾದರೂ ಬರೆದರೆ, ಮುಖ್ಯವಾಗಲು ಆ ಬ್ಯಾಂಕುಗಳು ಅಚ್ಚುಕಟ್ಟಾಗಿ ಪ್ರಯತ್ನಪಟ್ಟವು ಎಂದು ಓದಿಸಿಕೊಳ್ಳುತ್ತದೆ. ‘ಹಣಕಾಸು ವ್ಯವಸ್ಥೆಗೆ ಆಧಾರವಾದ ಬ್ಯಾಂಕುಗಳು’ ಎಂದು ಬರೆಯಿರಿ.